ಜಗಲಿ ಏರದ ಗುಂಡುಕಲ್ಲು

ಒಂದಾನೊಂದು ಕಾಲದಲ್ಲಿ ಹಿರೇಗುಂಟನೂರಿನಲ್ಲಿ ಒಂದು ಗುಂಡುಕಲ್ಲು ಇತ್ತಂತೆ. ಅದನ್ನೆತ್ತಿ ಜಗಲಿ ಮೇಲಿಟ್ಟ ಗಂಡು, ತಾನು ಮೆಚ್ಚಿದ ಹೆಣ್ಣನ್ನು ಊರೆದುರೇ ಕೇಳಬಹುದಿತ್ತಂತೆ.

"ಹೆಣ್ಮಕ್ಳು ಎತ್ತಿದ್ರೆ?" ಪುಟ್ಟ ರೇಣುಕಾ ಕೇಳಿದ್ದಳು.

"ಯಾರೂ ಎತ್ತಿಲ್ಲ ಕಣೇ," ಅಂದಿದ್ದಳು ಅಜ್ಜಿ ಮರುಳಸಿದ್ದಮ್ಮ.

"ನಾನ್ ಎತ್ತಿಡ್ತೀನಿ. ನಿನ್ನಾಣೆ!"

ಕಥೆಯ ಕಲ್ಲು ಅಜ್ಜಿಯ ಅಂಗಳದಲ್ಲೇ ಬಿದ್ದಿತ್ತು. ಆಣೆ ಮಾತ್ರ ಮರೆತೇಹೋಯಿತು...

ಈಗ ರೇಣುಕಾ ಹೊಸದುರ್ಗದ ಜಿಮ್ಮಿನಲ್ಲಿ, ತೂಕದ ಯಂತ್ರದ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದಳು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರು, ಹುಡುಗಿ ತುಸು ತೂಕ ಇಳಿಸಿಕೊಳ್ಳಲಿ ಎಂದು ಹೇಳಿ, ಎರಡೆರಡು ಹೋಳಿಗೆ ತಿಂದು ಹೋಗಿದ್ದರು.

"ಇಳೀರಿ ಕೆಳಗೆ."

ಕೋಚ್ ನಿರಂಜನ್ ಯಂತ್ರವನ್ನೇ ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದ! "ಇದರ ಸಾವಾಸ ನಿಮಗೆ ಬೇಡ್ರಿ."

ಅವಳ ಮುಖ ಕೆಂಪಾಯಿತು. 'ಇವನ ಕಣ್ಣಿಗೂ ನಾನು ಅಳತೆ ಮೀರಿದವಳೇ!' ಆದರೂ ಆ ಶಾಂತ ಕಣ್ಣುಗಳು... ಛೇ!

ಅಂದಿನಿಂದ ಅವಳಿಗೆ ಕೂತಲ್ಲಿ ನಿಂತಲ್ಲಿ ನೆಮ್ಮದಿಯಿಲ್ಲ. ಅವ್ವ ಬಡಿಸಿದ ಮುದ್ದೆ ಕದ್ದುಮುಚ್ಚಿ ಎಮ್ಮೆಯ ಪಾಲಾಯಿತು. ಅಪ್ಪನ ಕೊಬ್ಬರಿ ಅಂಗಡಿಯಲ್ಲಿ ಯಾರೂ ಇಲ್ಲದಾಗ, ಮೂಟೆ ತೂಗುವ ಕಾಟಾದ ಮೇಲೆ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಅಂಕಿ ಇಳಿದರೆ ಹಬ್ಬ, ಏರಿದರೆ ಅಳು!

ಒಂದು ಬೆಳಿಗ್ಗೆ ಜಿಮ್ಮಿನಲ್ಲೇ ಕಣ್ಣು ಕತ್ತಲೆ ಬಂದು ಕುಸಿದಳು.

"ಏನ್ ತಿಂದಿದ್ರಿ?" ನಿರಂಜನ್ ಗದರಿದ.

"ಬಿಸಿನೀರು..."

"ಬಿಸಿನೀರು ತಿಂತಾರೇನ್ರೀ!"

"ಬೈಬೇಡ್ರಿ! ನನ್ ತೂಕ ನೋಡಕ್ಕೂ ನಿಮಗೆ ಅಸಹ್ಯ. ಅದಕ್ಕೇ ಬೀಗ ಹಾಕಿದ್ರಿ!"

ಅವನು ದಂಗಾದ. "ಅಸಹ್ಯನಾ?... ನಮ್ಮಕ್ಕನೂ ಹಿಂಗೇ ಇಳಿಸ್ತಾ ಇಳಿಸ್ತಾ, ಹೆತ್ತ ಮಗೂನ ಎತ್ಕಳಕ್ಕಾಗದಂಗೆ ಆದ್ಲು ರೀ. ಊರೆಲ್ಲ ಎಷ್ಟು ಚಂದ ಆದೆ ಅಂತಿತ್ತು. ಮೈಯಿಂದ ಹೋಗಿದ್ದು ಕೊಬ್ಬೋ ಕಸುವೋ, ಕಾಟಾಕ್ಕೇನ್ ಗೊತ್ತೈತೆ?"

ಬಾಳೆಹಣ್ಣು ಸುಲಿದು ಅವಳ ಕೈಗಿಟ್ಟ. "ಎಷ್ಟು ಇಳಿಸ್ಬೇಕು ಅಂತ ನಾನ್ ಕೇಳಲ್ಲ. ಏನ್ ಎತ್ತಬೇಕು, ಅದನ್ನ ಹೇಳ್ರಿ."

ಎತ್ತಬೇಕಾದ್ದು... ಒಂದಿತ್ತಲ್ಲ!

ಮುದ್ದೆ ಅವಳ ತಟ್ಟೆಗೇ ಮರಳಿತು. ಕೊಬ್ಬರಿ ಮೂಟೆಗಳು ಹೆಗಲೇರಿದವು. ಮೈ ಸಣ್ಣಗಾಗಲಿಲ್ಲ, ಆದರೆ ಕಣ್ತುಂಬ ನಿದ್ದೆ ಬಂತು, ಮೆಟ್ಟಿಲೇರಿದರೆ ಬರುತ್ತಿದ್ದ ಏದುಸಿರು ನಿಂತಿತು. ಎಷ್ಟು ಇಳಿದಳೆಂದು ಗಂಡಿನ ಕಡೆಯವರು ಫೋನ್ ಮಾಡಿದಾಗ ಅಪ್ಪ ಪರಮೇಶ್ವರಪ್ಪ ಸಿಡುಕಿದರು: "ಒಣಗಿಸಿ ತೂಗಕ್ಕೆ ನಮ್ಮುಡುಗಿ ಕೊಬ್ಬರಿ ಅಲ್ಲ ಸ್ವಾಮಿ!"

ಸುಗ್ಗಿ ಮುಗಿದ ಮೇಲೆ ಅವಳು ನಿರಂಜನನನ್ನು ಹಿರೇಗುಂಟನೂರಿಗೆ ಕರೆದೊಯ್ದಳು. ಅಜ್ಜಿ ಜಗಲಿಯಲ್ಲಿ ಕುಳಿತಿದ್ದಳು.

ರೇಣುಕಾ ಕಲ್ಲನ್ನು ತಬ್ಬಿದಳು. ಮೊಣಕಾಲಿಗೆ ಬಂತು... ಜಾರಿತು! ಅವನು ಓಡಿ ಬಂದ.

"ಮುಟ್ಟಬೇಡ್ರಿ!"

ಮತ್ತೆ ತಬ್ಬಿದಳು. ತೊಡೆಗೆ... ಎದೆಗೆ...

"ನಿರಂಜನ್... ಇದನ್ನೆತ್ತಿದೋರು ಮೆಚ್ಚಿದೋರನ್ನ ಕೇಳ್ಬೋದು. ನಾನ್ ನಿಮ್ಮನ್ನ ಕೇಳ್ತಿದೀನಿ!"

ಅವನ ಕಣ್ಣು ತುಂಬಿದವು. "ಆ ಯಂತ್ರದ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ರಲ್ಲ, ಆವತ್ತೇ ಹೂಂ ಅಂದಿದ್ದೆ... ಮನಸಲ್ಲಿ."

"ಲೇ, ಸರಸ ಆಮೇಲೆ! ಮೊದ್ಲು ಕಲ್ಲಿಡೇ!" ಅಜ್ಜಿ ಸರಿದು ಜಾಗ ಬಿಟ್ಟಳು.

ಧಡ್! ಕಲ್ಲು ಅಜ್ಜಿಯ ಪಕ್ಕ, ಜಗಲಿ ಮೇಲೆ ಕುಳಿತಿತು.