ಅಪ್ಪನ ಕಣ್ಣಿನ ಫೋಟೋ

"ಗದ್ದ ಇಲ್ಲಿಡಿ, ಯಮನಪ್ಪ ಅವರೇ. ಹಸಿರು ದೀಪಾನೇ ನೋಡ್ತಿರಿ. ಕಣ್ಣು ಮಿಟುಕಿಸ್ಬೇಡಿ."

ಫಳಕ್! ಕಣ್ಣಾಸ್ಪತ್ರೆಯ ಕಂಪ್ಯೂಟರಿನಲ್ಲಿ ಅಪ್ಪನ ಕಣ್ಣಿನ ಒಳಭಾಗ ದೊಡ್ಡದಾಗಿ ಮೂಡಿತು. ಕಿತ್ತಳೆ ಬಣ್ಣ, ಅಂಚಿನ ತುಂಬಾ ಮಸಿ ಸಿಡಿದಂಥ ಕಪ್ಪು ಚುಕ್ಕೆ.

"ಇದು ಕಣ್ಣಿನ ಪರದೆ," ಎಂದು ಯಮನಪ್ಪನ ಮಗಳು ಶಾಂಭವಿಗೆ ಡಾಕ್ಟರ್ ಮೇಡಂ ತೋರಿಸಿದರು. "ಅಂಚೆಲ್ಲ ಹಾಳಾಗಿದೆ. ಬೆಳಕು ಕಮ್ಮಿಯಾದ್ರೆ ನಿಮ್ಮಪ್ಪನಿಗೆ ಕಾಣಲ್ಲ. ಎಡವ್ತಾರೆ, ಬೀಳ್ತಾರೆ. ಜನ ಕುಡಿದಿದ್ದಾರೆ ಅಂದ್ಕೋತಾರೆ."

ಶಾಂಭವಿ ತಲೆ ತಗ್ಗಿಸಿದಳು.

ಹೋದ ಶನಿವಾರ ಸಂಜೆ ನಾಗಸಂದ್ರ ಮೆಟ್ರೋ ಹತ್ತಿರ ಅವಳೂ ಗೆಳತಿ ಮಂಜುಶ್ರೀಯೂ ಪಾನಿಪುರಿ ತಿನ್ನುತ್ತಿದ್ದರು. ಪೀಣ್ಯದ ಫ್ಯಾಕ್ಟರಿಯಿಂದ ಬರುತ್ತಿದ್ದ ಅಪ್ಪ ನಿಲ್ದಾಣದ ಮೆಟ್ಟಿಲು ತಪ್ಪಿ ದೊಪ್ಪನೆ ಬಿದ್ದ. ಊಟದ ಡಬ್ಬಿ ಉರುಳಿ ಇವರ ಕಾಲ ಬಳಿಯೇ ಬಂತು.

"ಫುಲ್ ಟೈಟು ಕಣೇ! ಯಾರೇ ಅದು?" ಎಂದು ಮಂಜುಶ್ರೀ ಕಿಸಕ್ಕೆಂದಳು.

"ನಂಗೇನ್ ಗೊತ್ತು?" ಎಂದುಬಿಟ್ಟಳು ಶಾಂಭವಿ.

ಅಪ್ಪ ಕುಡಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಡಬ್ಬಿ ಎತ್ತಿಕೊಡಲಿಲ್ಲ. ಅಪ್ಪ ನೆಲ ತಡಕಾಡುತ್ತಿದ್ದಾಗ ಗೆಳತಿಯ ಕೈ ಹಿಡಿದೆಳೆದುಕೊಂಡು ಹೊರಟೇಬಿಟ್ಟಳು. ಸದ್ಯ, ಅಪ್ಪ ನನ್ನನ್ನು ನೋಡಲಿಲ್ಲ ಎಂದುಕೊಂಡಿದ್ದಳು.

"ಇದು ವಂಶದಲ್ಲಿ ಬರೋ ಕಾಯಿಲೆ," ಎಂದರು ಮೇಡಂ. "ಬಾ ಪುಟ್ಟಾ, ನಿಂದೂ ನೋಡೋಣ."

ಶಾಂಭವಿ ಗದ್ದ ಇಟ್ಟಳು. ಫಳಕ್! ಇನ್ನೊಂದು ಮೆಷಿನ್ ಅವಳ ಕಣ್ಣಿನ ಪರದೆಯ ಪದರಗಳನ್ನೆಲ್ಲ ಗೆರೆಗೆರೆಯಾಗಿ ತೋರಿಸಿತು.

"ಆಕಿಗೂ ಐತೇನ್ರೀ ಮೇಡಂ?" ಅಪ್ಪ ಎದ್ದು ನಿಂತ.

"ಸದ್ಯಕ್ಕೆ ಏನೂ ಇಲ್ಲ. ವರ್ಷಕ್ಕೊಂದ್ಸಲ ತಪ್ಪದೇ ತೋರಿಸಿ."

ಅಪ್ಪ ಕೈಮುಗಿದ. ತನ್ನ ಕಣ್ಣಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಶಾಂಭವಿಗೆ ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸಿತು.

ವಾಪಸ್ ಮೆಟ್ರೋದಲ್ಲಿ ನಾಗಸಂದ್ರಕ್ಕೆ ಬಂದಾಗ ಸಂಜೆ ಮಬ್ಬಾಗಿತ್ತು. ಇಬ್ಬರೂ ನಿಲ್ದಾಣದ ಮೆಟ್ಟಿಲು ಇಳಿಯತೊಡಗಿದರು.

"ಅಪ್ಪಾ... ಅವತ್ತ ನೀ ಬಿದ್ದಾಗ ನಾನೂ ಇಲ್ಲೇ ಇದ್ದೆ."

"ಗೊತ್ತೈತವ್ವಾ. ನಿನ್ನ ದನಿ ನನಗ ಗೊತ್ತಾಗಂಗಿಲ್ಲೇನು?"

ಅವಳಿಗೆ ಆ ರಾತ್ರಿ ನೆನಪಾಯಿತು. ಅವತ್ತು ಡಬ್ಬಿ ಯಾಕೆ ನೆಗ್ಗಿದೆ ಎಂದು ಅವ್ವ ಕೇಳಿದ್ದಳು. "ಕೈ ಜಾರಿತು" ಎಂದಷ್ಟೇ ಅಪ್ಪ ಹೇಳಿದ್ದ. ಮಗಳು ಪಕ್ಕದಲ್ಲೇ ಕೂತಿದ್ದಳು.

ಕೆಳಗೆ ಪಾನಿಪುರಿ ಗಾಡಿಯ ಹತ್ತಿರ ಮಂಜುಶ್ರೀ ನಿಂತಿದ್ದಳು. ಶಾಂಭವಿಯ ಕಾಲು ಒಂದು ಕ್ಷಣ ನಿಂತಿತು. ಆಮೇಲೆ ಅವಳು ಅಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅಪ್ಪಾ, ಸಾವಕಾಶ!" ಎಂದಳು, ಗಾಡಿಯವರೆಗೂ ಕೇಳುವಷ್ಟು ಜೋರಾಗಿ. "ಇನ್ನ ಮೂರ ಮೆಟ್ಟಿಲು ಅದಾವ."