ಡಾಕ್ಟರೇ ಓಡು ಅಂದಾಗ

“ಓಡು!” ಅಂದರು ಡಾಕ್ಟರ್.

ಬುಗುರಿ ಕಣ್ಣು ಕಣ್ಣು ಬಿಟ್ಟಳು. ಎರಡು ತಿಂಗಳಿಂದ ಮನೆಯಲ್ಲೂ ಶಾಲೆಯಲ್ಲೂ ಎಲ್ಲರೂ ಅವಳಿಗೆ ಹೇಳುತ್ತಿದ್ದುದು ಒಂದೇ ಮಾತು: ಓಡಬೇಡ. ಈಗ ಡಾಕ್ಟರೇ ಓಡು ಅನ್ನುತ್ತಿದ್ದಾರೆ! ಅದೂ ಆಸ್ಪತ್ರೆಯ ಕಾರಿಡಾರಿನಲ್ಲಿ, ‘ಇಲ್ಲಿ ಓಡಬಾರದು’ ಎಂಬ ಬೋರ್ಡಿನ ಕೆಳಗೇ ನಿಂತುಕೊಂಡು!

“ಇಲ್ಲೇನಾ ಮೇಡಂ?”

“ಮತ್ತೆ? ಓಡೋ ಕಾಲನ್ನ ಮಲಗಿಸಿ ನೋಡಿದ್ರೆ ಅದು ಏನು ಹೇಳುತ್ತೆ? ಆ ಕಿಟಕಿ ತನಕ ಹೋಗಿ ಬಾ. ನೋವಾದ್ರೆ ತಕ್ಷಣ ನಿಲ್ಲು.”

ನೋಯುತ್ತಿದ್ದುದು ಬಲ ಮೊಣಕಾಲು. ಮೊದಲಿನ ಡಾಕ್ಟರ್ ಎಕ್ಸ್‌ರೇ ತೆಗೆಸಿ, “ಮೂಳೆ ಚೆನ್ನಾಗಿದೆ. ಎರಡು ವಾರ ರೆಸ್ಟ್” ಅಂದಿದ್ದರು. ರೆಸ್ಟ್ ಮಾಡಿದಳು, ನೋವು ಹೋಯಿತು. ಓಡಿದಳು. ಕೊಡೆ ಮರೆತುಹೋದ ನೆಂಟನ ಹಾಗೆ ನೋವು ಮರಳಿ ಬಂತು. ಇನ್ನೆರಡು ವಾರ ರೆಸ್ಟ್ ಆಯಿತು. ನೆಂಟ ಮತ್ತೆ ಹಾಜರ್.

ಇನ್ನೊಂದು ತಿಂಗಳಿಗೆ ಶಾಲೆಯ ರಿಲೇ ಓಟ ಇತ್ತು. ಕೊನೆಯ ಓಟ ಬುಗುರಿಯದು. “ಸೋಮವಾರ ಹೇಳಿಬಿಡು. ಆಗಲ್ಲ ಅಂದ್ರೆ ಬೇರೆಯವರನ್ನ ಹಾಕ್ತೀನಿ” ಎಂದಿದ್ದರು ಪಿ.ಟಿ. ಸರ್. ಅವತ್ತಿನಿಂದ ಬುಗುರಿಗೆ ಊಟ ಸೇರಿರಲಿಲ್ಲ.

ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಅಂದವಳು ಅಮ್ಮ. ಅಪ್ಪನಿಗೆ ಮುಜುಗರ. “ಮೊದಲಿನವರು ಬೇಜಾರು ಮಾಡ್ಕೊಳ್ಳಲ್ವಾ?”

“ಬೇರೆ ಅಂಗಡೀಲಿ ಹೊಲಿಸಿದ ಶೂ ತಂದ್ರೆ ನೀವು ವಾಪಸ್ ಕಳಿಸ್ತೀರಾ?” ಅಂದಳು ಅಮ್ಮ.

ಅಪ್ಪನದು ಶೂ ರಿಪೇರಿ ಅಂಗಡಿ. ಅಪ್ಪ ಅಂಗಡಿ ಮುಚ್ಚಿ ಮಗಳ ಜೊತೆ ಆಸ್ಪತ್ರೆಗೆ ಹೊರಟ.

ಬುಗುರಿ ಓಡಿದಳು! ಟ್ರೇ ಹಿಡಿದು ಬರುತ್ತಿದ್ದ ನರ್ಸ್ “ಅಯ್ಯೋ ತಾಯಿ!” ಎಂದು ಗೋಡೆಗೆ ಅಂಟಿಕೊಂಡರು. ಕಿಟಕಿ ಮುಟ್ಟಿ ತಿರುಗುವಷ್ಟರಲ್ಲಿ ಮೊಣಕಾಲು ಚುಳ್ ಎಂದಿತು. ನಿಂತಳು.

“ಸ್ವಲ್ಪ ಸುಧಾರಿಸ್ಕೋ. ಈಗ ಶೂ ಬಿಚ್ಚಿ, ಬರಿಗಾಲಲ್ಲಿ ಓಡು.”

ನೆಲ ತಣ್ಣಗಿತ್ತು. ಒಂದು ಹೆಜ್ಜೆ, ಎರಡು, ಐದು. ಮೊಣಕಾಲು ಗೊಣಗಿತು, ಆದರೆ ಚುಚ್ಚಲಿಲ್ಲ.

“ಮೇಡಂ! ಅಷ್ಟು ನೋವಿಲ್ಲ!”

ಡಾಕ್ಟರ್ ಎರಡೂ ಶೂಗಳನ್ನು ತಮ್ಮ ಕೋಣೆಗೆ ಒಯ್ದು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರು. ಎಡಗಾಲಿನದು ನೆಟ್ಟಗೆ ನಿಂತಿತ್ತು. ಬಲಗಾಲಿನದು ಪಕ್ಕದವರ ಮಾತು ಕದ್ದು ಕೇಳುವವರ ಹಾಗೆ ಒಳಗಡೆಗೆ ವಾಲಿತ್ತು.

“ಇದನ್ನ ರಿಪೇರಿ ಮಾಡಿದ್ದು ಯಾರು?”

ಬುಗುರಿ ಬರಿಗಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. “ಯಾವುದೋ... ಅಂಗಡೀಲಿ” ಅಂದಳು.

“ನಾನೇ, ಮೇಡಂ” ಎಂದು ಅಪ್ಪ ಎದ್ದು ನಿಂತ. “ಬಲಗಾಲಿನ ಹೊರಗಡೆ ಅಂಚನ್ನೇ ಇವಳು ಬೇಗ ಸವೆಸ್ತಾಳೆ. ಅದಕ್ಕೆ ಅಲ್ಲಿ ಟೈರ್ ರಬ್ಬರ್ ಒಂದು ಪದರ ಜಾಸ್ತಿ ಹಾಕಿದೆ. ಎಷ್ಟು ಓಡಿದ್ರೂ ಸವೆಯಲ್ಲ ಅದು.”

“ರಬ್ಬರ್ ಸವೆಯಲ್ಲ, ನಿಜ. ಆದ್ರೆ ಪಾದ ಒಳಗಡೆಗೆ ವಾಲುತ್ತೆ. ಪೆಟ್ಟೆಲ್ಲ ಮೊಣಕಾಲಿಗೆ.” ಡಾಕ್ಟರ್ ಬುಗುರಿಯ ಕಡೆ ತಿರುಗಿದರು. “ಹಾಕ್ಕೊಂಡಾಗ ನಿನಗೇನೂ ಅನ್ನಿಸ್ಲಿಲ್ವಾ?”

ಅನ್ನಿಸಿತ್ತು. ಮೊದಲ ದಿನವೇ ಅನ್ನಿಸಿತ್ತು. ಆದರೆ ಅಪ್ಪ ರಜೆಯ ದಿನ ಕೂತು ರಿಪೇರಿ ಮಾಡಿಕೊಟ್ಟ ಶೂ. “ಹೇಗಿದೆ?” ಅಂತ ಅವನು ಕೇಳಿದಾಗ “ಸೂಪರ್!” ಅಂದಿದ್ದಳು. “ಹೊಸ ಶೂ ಏನಾದ್ರೂ ಹಾಕಿದ್ದೀಯಾ?” ಅಂತ ಮೊದಲಿನ ಡಾಕ್ಟರ್ ಕೇಳಿದಾಗಲೂ ಇಲ್ಲ ಅಂದಿದ್ದಳು. ರಿಪೇರಿ ಮಾಡಿದ್ದು ಹೊಸದು ಹೇಗಾಗುತ್ತದೆ?

“ಅನ್ನಿಸ್ತು” ಅಂದಳು ಮೆಲ್ಲಗೆ. ಅಪ್ಪನ ಮುಖ ನೋಡಲಿಲ್ಲ.

“ಎರಡು ವಾರ ಓಟ ಬೇಡ. ನಾನು ಹೇಳಿಕೊಡೋ ವ್ಯಾಯಾಮ ದಿನಾ ಮಾಡು. ಆಮೇಲೆ ಬಾ, ಇಲ್ಲೇ ಓಡಿಸಿ ನೋಡ್ತೀನಿ.”

“ರಿಲೇ, ಮೇಡಂ?”

“ಈಗಲೇ ಹೂಂ ಅನ್ನಲ್ಲ. ಅಲ್ಲೀತನಕ ನಿನ್ನ ಜಾಗಕ್ಕೆ ಯಾರನ್ನೂ ಹಾಕ್ಬೇಡಿ ಅಂತ ಚೀಟಿ ಬರೆದುಕೊಡ್ತೀನಿ. ಸಾಕಾ?”

ಸಾಕಾ! ಬುಗುರಿ ಕೂತಲ್ಲೇ ಕುಣಿದಳು.

ಆದರೆ ದಾರಿಯುದ್ದಕ್ಕೂ ಅಪ್ಪ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇದ್ದ. ಮನೆಗೂ ಹೋಗದೆ ನೇರ ಅಂಗಡಿಗೆ ನಡೆದ. ಶೂ ತಲೆಕೆಳಗು ಮಾಡಿ ತೊಡೆಯ ಮೇಲಿಟ್ಟುಕೊಂಡು ಆ ರಬ್ಬರನ್ನು ಚಾಕುವಿನಿಂದ ಸೀಳಿ ತೆಗೆದ. ಉಜ್ಜಿದ. ಊದಿದ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ.

“ಹಾಕ್ಕೋ. ಹೇಗಿದೆ?”

‘ಸೂಪರ್’ ಬುಗುರಿಯ ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡಳು. ನಾಲ್ಕು ಹೆಜ್ಜೆ ಹಾಕಿದಳು.

“ಅಪ್ಪಾ... ಇನ್ನೂ ಸ್ವಲ್ಪ ಎತ್ತರ ಇದೆ.”

ಅಪ್ಪ ತಲೆಯೆತ್ತಿದ.

“ಎಲ್ಲಿ? ಬೆರಳಿಟ್ಟು ತೋರಿಸು” ಎಂದು ಅವನು ಸ್ಟೂಲನ್ನು ಹತ್ತಿರಕ್ಕೆಳೆದ.

“ಇಲ್ಲಿ.”

“ಇಲ್ಲೇನಾ?”

“ಅಲ್ಲಲ್ಲ, ಇನ್ನೂ ಈಚೆ.”

“ನಿನ್ನಂಥ ಗಿರಾಕಿ ದಿನಕ್ಕೊಬ್ಬರು ಬಂದ್ರೆ ಅಂಗಡಿ ಮುಚ್ಚಬೇಕಾಗುತ್ತೆ” ಅಂದ ಅಪ್ಪ. ಹಾಗೆ ಅನ್ನುತ್ತಲೇ ದೀಪವನ್ನು ಹತ್ತಿರಕ್ಕೆ ಬಗ್ಗಿಸಿಕೊಂಡ. ಮೂರನೇ ಸಲ ಉಜ್ಜುವಾಗ ಅವನ ಬಾಯಲ್ಲಿ ಸಣ್ಣಗೆ ಶಿಳ್ಳೆ ಶುರುವಾಗಿತ್ತು.

ಬುಗುರಿ ಹಾಕಿಕೊಂಡು ನೋಡಿದಳು. ಇನ್ನೊಂದು ಕೂದಲೆಳೆಯಷ್ಟು ಎತ್ತರ, ಅಷ್ಟೇ. ನಾಲ್ಕನೇ ಸಲ ಶೂ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು.