ಬಕೆಟ್ಟಿನಲ್ಲಿ ತಿಳಿನೀರು

ವಾಂತಿಗೆಂದು ಮಂಚದ ಪಕ್ಕ ಇಟ್ಟಿದ್ದ ಬಕೆಟ್ಟನ್ನು ಚೆಲ್ಲಲು ಎತ್ತಿದವನು ಹಾಗೇ ನಿಂತುಬಿಟ್ಟ. ಒಳಗೆ ವಾಂತಿಯಿಲ್ಲ, ಬರೀ ತಿಳಿನೀರು. ಬೆಳಿಗ್ಗೆಯಿಂದ ತಾನೇ ತುಂಬಿಸಿಕೊಟ್ಟ ನಾಲ್ಕು ಬಾಟಲಿ.

“ಕುಡೀಲೇ ಇಲ್ವಾ ನೀನು?”

ಅವಳು ಗೋಡೆಯತ್ತ ತಿರುಗಿದಳು. ತಿರುಗಲೂ ಅವಳಿಗೆ ಒಂದೇ ಮಗ್ಗುಲು. ಇನ್ನೊಂದು ಕೈಗೆ ಡ್ರಿಪ್ಪಿನ ಕೊಳವೆ. ಹೊಲಿಗೆ ಯಂತ್ರದ ಮುಂದೆ ಕೂತೇ ಇಡೀ ಬೀದಿಯನ್ನು ಮಾತಾಡಿಸುತ್ತಿದ್ದವಳನ್ನು ಕಬ್ಬಿಣದ ಕಂಬಕ್ಕೆ ಕಟ್ಟಿಹಾಕಿದಂತಿತ್ತು. ಕುತ್ತಿಗೆಯ ಕ್ಯಾನ್ಸರ್ ಗಂಟು ಕರಗಲೆಂದು ಸೈಕ್ಲೋಫಾಸ್ಫಮೈಡ್ ಎಂಬ ಔಷಧಿ ಕೊಡುತ್ತಿರುವುದು ಇದು ಮೂರನೆಯ ಸಲ. ಗಂಟು ಇಳಿದಿತ್ತು, ಜಡೆಯೂ ಹೋಗಿತ್ತು. ಮದುವೆಯ ದಿನ ಎರಡು ಸಲ ಮುಂದಕ್ಕೆ ಹೋಗಿತ್ತು. ಈ ಔಷಧಿಗೆ ಬಿಳಿ ರಕ್ತಕಣ ಇಳಿಯುತ್ತದೆ, ನೆಗಡಿಯವರು ಹತ್ತಿರ ಸುಳಿಯಬಾರದೆಂದು ಡಾಕ್ಟರು ಸೀನುತ್ತಿದ್ದ ಅವಳ ಅತ್ತಿಗೆಯನ್ನು ಮನೆಗೆ ಕಳಿಸಿದ್ದರಿಂದ, ಅವಳನ್ನು ಮದುವೆಯಾಗಬೇಕಾದವನೇ ಇವತ್ತು ಜೊತೆಗಿದ್ದ.

ಅವನು ಹೊರಗೆ ಹೋಗಿ ನರ್ಸಿಗೆ ತಿಳಿಸಿ ಬಂದ. “ಇನ್ನೂ ತಡ ಆಗಿಲ್ವಂತೆ. ಆದರೆ ಈಗಲೇ ಕುಡಿಯೋಕೆ ಶುರು ಮಾಡ್ಬೇಕಂತೆ. ಔಷಧಿ ಒಳಗೇ ನಿಂತರೆ ಮೂತ್ರಕೋಶ ಸುಡುತ್ತೆ, ರಕ್ತ ಬರುತ್ತೆ.”

“ಕುಡಿದ್ರೆ ಹೋಗ್ಬೇಕಲ್ಲ.”

“ಹೋಗು.”

“ಹೆಂಗೆ? ಎದ್ರೆ ತಲೆ ತಿರುಗುತ್ತೆ. ಈ ಕಂಬ ಯಾರು ತಳ್ಳೋದು? ಮದುವೆಗೆ ಮುಂಚೆ ನಿಮ್ಮ ಹೆಗಲು ಹಿಡ್ಕೊಂಡು ಬಚ್ಚಲಿಗೆ…”

ಅವನಿಗೆ ನಗು ಬಂತು, ತಡೆದುಕೊಂಡ. “ಪಶು ಆಸ್ಪತ್ರೆ ಕಾಂಪೌಂಡರ್ ಕಣೇ ನಾನು. ದಿನ ಬೆಳಗಾದ್ರೆ ಮೂತ್ರದ ಬಣ್ಣ ನೋಡೋದೇ ಕೆಲಸ.”

“ನಾನೇನು ಎಮ್ಮೆನಾ?”

“ಎಮ್ಮೆ ಆದ್ರೆ ಹೇಳಿದ ಮಾತು ಕೇಳುತ್ತೆ.”

ಸ್ಕಾರ್ಫಿನಂಚಿನಿಂದ ಅವನನ್ನು ಕದ್ದು ನೋಡಿದಳು. ಮತ್ತೆ ಮುಖ ಬಾಡಿತು. “ಮಕ್ಕಳಾಗೋದೂ ಕಷ್ಟ ಆಗಬಹುದು ಅಂದ್ರಲ್ಲ ಡಾಕ್ಟ್ರು. ನಾನೊಬ್ಬಳು ಸಿಕ್ಕಿಹಾಕ್ಕೊಂಡಿರೋದು ಸಾಲದಾ? ನೀವು ಹೋಗಿಬಿಡಿ.”

ಅವನು ಬಾಟಲಿ ತುಂಬಿಸಿ ತಂದು ಮುಂದೆ ಹಿಡಿದ. ನೀರು ತುಳುಕುತ್ತಿತ್ತು.

“ಕೈ ನೋಡು. ಕೊಂಬು ಬೀಸೋ ಹಸು ಹಿಡಿದಾಗಲೂ ಹೀಗೆ ನಡುಗಿಲ್ಲ. ನಿನಗೆಲ್ಲಿ ರಕ್ತ ಕಾಣಿಸುತ್ತೋ ಅಂತ…” ಇನ್ನೊಂದು ಕೈಯಿಂದ ಬಾಟಲಿಯ ತಳ ಹಿಡಿದ. “ಎಲ್ಲಿಗೆ ಹೋಗ್ಲಿ ಹೇಳು?”

ಅವಳು ಅವನ ಕೈಯನ್ನೇ ನೋಡಿದಳು. ಬಾಟಲಿ ಇಸಿದುಕೊಂಡು, ನಡುನಡುವೆ ಉಸಿರು ತೆಗೆದುಕೊಳ್ಳುತ್ತ, ತಳದವರೆಗೂ ಕುಡಿದಳು. ಇನ್ನೊಂದಕ್ಕೆ ಕೈ ಚಾಚಿದಳು.

ಮೇಲೆ ಡ್ರಿಪ್ಪು ತೊಟ್ಟಿಕ್ಕುತ್ತಿತ್ತು. ಅವನು ಸ್ಟೂಲಿನ ಮೇಲೆ ಕೂತು ಕಾದ. ಬಹಳ ಹೊತ್ತಿನ ಮೇಲೆ ಹೊದಿಕೆಯ ಕೆಳಗೆ ಅವಳ ಕಾಲು ಒಂದರ ಮೇಲೊಂದು ಬಿಗಿದುಕೊಂಡವು.

“ರೀ,” ಅಂದಳು.

ಅವನು ತಲೆಯೆತ್ತಿದ. ಹಾಗೆ ಅವಳು ಕರೆದದ್ದು ಅದೇ ಮೊದಲು.

“ಕನಸು ಆಮೇಲೆ ಕಾಣಿ. ಕಂಬ ತಳ್ಳಿ, ಅರ್ಜೆಂಟು!”